ಕತ್ತಲೆಗೊಂದು ಪರದೆ, ಹಗಲಿಗೊಂದು ಪರದೆ

‘ಕಾಂತಾರ’ವನ್ನು ಚಿತ್ರಮಂದಿರದಲ್ಲಿ ನೋಡಿ, ಆಮೇಲೆ ಮನೆಯ ಟೀವಿಯಲ್ಲಿ ಇನ್ನೊಮ್ಮೆ ನೋಡಿದವರು ಬಹಳ ಮಂದಿ ಇದ್ದಾರೆ. ಕೋಲದ ರಾತ್ರಿಯಲ್ಲಿ ಬೆಂಕಿಯ ಸುತ್ತ ಕವಿದಿರುವ ಕತ್ತಲೆ ಅಲ್ಲಿ ಇದ್ದಷ್ಟು ದಟ್ಟವಾಗಿ ಮನೆಯಲ್ಲಿ ಇರುವುದಿಲ್ಲ. ಕಪ್ಪಿರಬೇಕಾದ ಕಡೆ ಬೂದುಬಣ್ಣ ತೆಳ್ಳಗೆ ಹರಡಿಕೊಂಡಿರುತ್ತದೆ. ‘ಕೆಜಿಎಫ್’ನ ಗಣಿಯ ದೃಶ್ಯಗಳದ್ದೂ ಅದೇ ಪಾಡು. ಇದು ಛಾಯಾಗ್ರಾಹಕರ ಕೊರತೆಯಲ್ಲ. ಬಹುಪಾಲು ನಮ್ಮ ಮನೆಯ ಪರದೆ ಕೆಲಸ ಮಾಡುವ ಬಗೆಯಿಂದಲೇ ಹೀಗಾಗುತ್ತದೆ. ಇದಕ್ಕೆ ಮದ್ದಾಗಿ ಒಎಲ್‌ಇಡಿ ಬಂದಿದೆ, ಅದನ್ನೇ ತೆಗೆದುಕೊಳ್ಳಿ ಎಂದು ಹೇಳುವವರು ಒಂದು ಕಡೆ. ಅಷ್ಟು ದುಡ್ಡು ಸುರಿದರೂ ನಾಲ್ಕು ವರ್ಷಕ್ಕೆ ಪರದೆಯ ಮೇಲೆ ಕಲೆ ಉಳಿಯುತ್ತದೆ, ಎಲ್‌ಸಿಡಿಯೇ ವಾಸಿ ಎನ್ನುವವರು ಇನ್ನೊಂದು ಕಡೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಎರಡನ್ನೂ ನ್ಯಾಯವಾಗಿ ತೂಗಿ ನೋಡುವುದು ಒಳ್ಳೆಯದು, ಯಾಕೆಂದರೆ ನಮ್ಮಲ್ಲಿ ಟೀವಿ ಒಮ್ಮೆ ಮನೆಗೆ ಬಂದರೆ ಎಂಟು ಹತ್ತು ವರ್ಷ ಗೋಡೆ ಬಿಟ್ಟು ಇಳಿಯುವುದಿಲ್ಲ.

ಅಂಗಡಿಯಲ್ಲಿ ಕಾಣುವ ಹೆಸರುಗಳು ಎಷ್ಟೇ ಇರಲಿ, ಇವತ್ತು ಮನೆಗಳಿಗೆ ಬರುವ ಪರದೆಗಳು ಎರಡೇ ಕುಲದವು. ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ ಎಲ್ಲವೂ ಎಲ್‌ಸಿಡಿ ಕುಲಕ್ಕೆ ಸೇರಿದವು. ಅವುಗಳ ಹಿಂದೆ ಬ್ಯಾಕ್‌ಲೈಟ್ ಉರಿಯುತ್ತಿರುತ್ತದೆ, ಮುಂದಿನ ದ್ರವಸ್ಫಟಿಕದ ಪದರ ಆ ಬೆಳಕನ್ನು ಬೇಕಾದಲ್ಲಿ ಬಿಟ್ಟು ಬೇಡವಾದಲ್ಲಿ ತಡೆಯುತ್ತದೆ. ಒಎಲ್‌ಇಡಿಯಲ್ಲಿ ಹಿಂದೆ ಬೆಳಕೇ ಇಲ್ಲ. ಒಂದೊಂದು ಪಿಕ್ಸೆಲ್ಲೂ ತಾನೇ ಹೊತ್ತಿಕೊಳ್ಳುತ್ತದೆ, ತಾನೇ ಆರುತ್ತದೆ. ಮುಂದೆ ಹೇಳುವ ಗುಣದೋಷಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದಲೇ ಹುಟ್ಟಿದವು.

ಎಲ್‌ಸಿಡಿಯ ಕಪ್ಪು ಯಾಕೆ ಬೂದುಬಣ್ಣಕ್ಕೆ ತಿರುಗುತ್ತದೆ? ಕಿಟಕಿಯ ಬಾಗಿಲನ್ನು ಎಷ್ಟು ಬಿಗಿಯಾಗಿ ಮುಚ್ಚಿದರೂ ಸಂದಿಯಿಂದ ಬಿಸಿಲು ನುಸುಳುವ ಹಾಗೆ, ದ್ರವಸ್ಫಟಿಕ ಬೆಳಕನ್ನು ಪೂರ್ತಿ ತಡೆಯಲಾರದು. ವಿಎ ಬಗೆಯ ಪ್ಯಾನೆಲ್‌ಗಳಲ್ಲಿ ಅತಿ ಬಿಳಿಗೂ ಅತಿ ಕಪ್ಪಿಗೂ ಇರುವ ಅಂತರ ಸುಮಾರು ಮೂರು ಸಾವಿರದಿಂದ ಆರು ಸಾವಿರ ಪಟ್ಟು. ಐಪಿಎಸ್ ಬಗೆಯಲ್ಲಿ ಸಾವಿರದ ಆಸುಪಾಸು. ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಇದು ಕಣ್ಣಿಗೆ ಬೀಳುವುದಿಲ್ಲ. ದೀಪ ಆರಿಸಿ ಸಿನಿಮಾ ಹಾಕಿದ ಕೂಡಲೇ ಬೀಳುತ್ತದೆ. ಐಪಿಎಸ್‌ಗೆ ಬೇರೊಂದು ಗುಣವಿದೆ: ಪಕ್ಕದಲ್ಲಿ ಕೂತವರಿಗೂ ಬಣ್ಣ ಕೆಡದೆ ಕಾಣುತ್ತದೆ. ವಿಎ ಪ್ಯಾನೆಲ್ಲನ್ನು ಓರೆಯಿಂದ ನೋಡಿದರೆ ಬಣ್ಣ ಸಪ್ಪೆಯಾಗುತ್ತದೆ. ಹಾಲಿನಲ್ಲಿ ಸೋಫಾದ ಮೇಲೆ ಇಬ್ಬರು, ದಿವಾನದ ಮೇಲೆ ಒಬ್ಬರು, ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವವರು ಇನ್ನೊಬ್ಬರು ಇರುವ ಮನೆಯಲ್ಲಿ ಇದು ಸಣ್ಣ ಮಾತಲ್ಲ.

ಓರೆನೋಟದ ಈ ತೊಂದರೆಯನ್ನು ತಗ್ಗಿಸಿದ ಕಥೆಯಲ್ಲಿ ಬೆಂಗಳೂರಿಗೂ ಪಾಲಿದೆ, ಅದು ನಮ್ಮಲ್ಲೇ ಹೆಚ್ಚು ಮಂದಿಗೆ ಗೊತ್ತಿಲ್ಲ. ದ್ರವಸ್ಫಟಿಕವನ್ನು 1888ರಲ್ಲಿ ಮೊದಲು ಗುರುತಿಸಿದವರು ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಫ್ರೀಡ್‌ರಿಶ್ ರೈನಿಟ್ಸರ್. ಎಂಬತ್ತು ವರ್ಷದ ಬಳಿಕ, 1968ರಲ್ಲಿ, ಅಮೆರಿಕದ ಆರ್‌ಸಿಎ ಕಂಪನಿ ಅದರಿಂದ ಪರದೆ ಮಾಡಬಹುದೆಂದು ತೋರಿಸಿತು. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳೆಲ್ಲ ಕಡ್ಡಿಯಾಕಾರದವು. ತಟ್ಟೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕ ಉಂಟಾಗುತ್ತದೆ ಎಂದು 1977ರಲ್ಲಿ ತೋರಿಸಿಕೊಟ್ಟದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಜೊತೆಗಾರರಾದ ಬಿ.ಕೆ. ಸದಾಶಿವ, ಕೆ.ಎ. ಸುರೇಶ್. ಚಂದ್ರಶೇಖರ್ ಸರ್ ಸಿ.ವಿ. ರಾಮನ್ ಅವರ ಸೋದರಳಿಯ, ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮೊದಲ ಮುಖ್ಯಸ್ಥರು. ಆ ತಟ್ಟೆಯಾಕಾರದ ಅಣುಗಳನ್ನು ಬಳಸಿ ಜಪಾನಿನ ಫ್ಯೂಜಿ ಫಿಲ್ಮ್ ತಯಾರಿಸಿದ ತೆಳು ಹಾಳೆ, ಕಂಪ್ಯೂಟರ್ ಮಾನಿಟರುಗಳು ಪಕ್ಕದಿಂದಲೂ ಸರಿಯಾಗಿ ಕಾಣುವಂತೆ ಮಾಡಿತು. ಎಲ್‌ಸಿಡಿ ಹಳತಾಯಿತು ಎಂದು ತಳ್ಳಿಬಿಡುವ ಮುನ್ನ ಅದರ ಹಿಂದೆ ಇಷ್ಟು ದಶಕಗಳ ತಿದ್ದುಪಡಿ ಇದೆ ಎಂಬುದನ್ನು ನೆನೆಯಬೇಕು. ಇವತ್ತು ಒಂದು ಸಾಧಾರಣ ಮನೆಗೂ 43 ಇಂಚಿನ ಟೀವಿ ಕೈಗೆಟುಕುತ್ತಿದ್ದರೆ ಅದು ಆ ತಿದ್ದುಪಡಿಯ ಫಲ.

ಒಎಲ್‌ಇಡಿಯ ವಯಸ್ಸು ಕಡಿಮೆ. ಕೊಡಾಕ್ ಕಂಪನಿಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವಾನ್ ಸ್ಲೈಕ್ 1987ರಲ್ಲಿ ಪ್ರಕಟಿಸಿದ ಪ್ರಬಂಧ ಇದರ ಬುನಾದಿ. ಇಂಗಾಲದ ಸಂಯುಕ್ತಗಳ ಅತಿ ತೆಳುವಾದ ಪದರಗಳಿಗೆ ವಿದ್ಯುತ್ ಹರಿಸಿದರೆ ಅವು ಬೆಳಗುತ್ತವೆ. 2007ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಮೊದಲ ಒಎಲ್‌ಇಡಿ ಟೀವಿಯ ಅಳತೆ ಬರೀ 11 ಇಂಚು. 2013ರಲ್ಲಿ ಎಲ್‌ಜಿ 55 ಇಂಚಿನದನ್ನು ತಂದ ಮೇಲೆ ನಿಜವಾದ ಪೈಪೋಟಿ ಶುರುವಾಯಿತು. 2022ರಲ್ಲಿ ಸ್ಯಾಮ್‌ಸಂಗ್ ನೀಲಿ ಒಎಲ್‌ಇಡಿಯ ಮುಂದೆ ಕ್ವಾಂಟಮ್ ಡಾಟ್‌ಗಳನ್ನಿಟ್ಟು, ನೀಲಿಯನ್ನು ಕೆಂಪು ಹಸಿರಾಗಿ ಬದಲಿಸುವ ಇನ್ನೊಂದು ದಾರಿ ಹಿಡಿಯಿತು.

ಚಿತ್ರದ ಗುಣವೊಂದನ್ನೇ ನೋಡುವುದಾದರೆ, ಕತ್ತಲ ಕೋಣೆಯಲ್ಲಿ ಒಎಲ್‌ಇಡಿಗೆ ಸರಿಸಾಟಿ ಇಲ್ಲ. ಪಿಕ್ಸೆಲ್ ಆರಿದರೆ ಅಲ್ಲಿ ಬೆಳಕಿನ ಕಣವೂ ಇರುವುದಿಲ್ಲ. ಆ ಕಪ್ಪಿನ ಪಕ್ಕದಲ್ಲಿ ಪಂಜಿನ ಬೆಂಕಿ ಉರಿದಾಗ ಅದರ ಕೆಂಪಿಗೆ ಬರುವ ತೂಕ ಎಲ್‌ಸಿಡಿಯಲ್ಲಿ ಬರುವುದಿಲ್ಲ. ಯಾವ ಮೂಲೆಯಲ್ಲಿ ಕೂತು ನೋಡಿದರೂ ಬಣ್ಣ ಹೆಚ್ಚುಕಡಿಮೆ ಒಂದೇ. ಮನೆಯ ಟೀವಿಗೆ ಸಾಮಾನ್ಯ ಕಾರ್ಯಕ್ರಮಗಳನ್ನು ಸಿದ್ಧಪಡಿಸುವ ಸ್ಟುಡಿಯೊಗಳಲ್ಲಿ ಪರದೆಯ ಪ್ರಖರತೆ ಬರೀ 100 ನಿಟ್ಸ್ ಇರುತ್ತದೆ, ಅದೂ ಮಬ್ಬು ಬೆಳಕಿನ ಕೋಣೆಯಲ್ಲಿ. ರಾತ್ರಿ ದೀಪ ಆರಿಸಿ ನೋಡುವವರಿಗೆ ಸಾವಿರ ನಿಟ್ಸ್‌ಗಳ ಆರ್ಭಟಕ್ಕಿಂತ ಒಳ್ಳೆಯ ಕಪ್ಪು ಎಷ್ಟೋ ಪಾಲು ಮುಖ್ಯ ಎಂಬ ಒಎಲ್‌ಇಡಿ ಪಕ್ಷದವರ ವಾದ ನನಗೆ ಪೂರ್ತಿ ಒಪ್ಪಿಗೆ.

ಆದರೆ ನಮ್ಮ ಮನೆಗಳಲ್ಲಿ ಟೀವಿ ಇರುವುದು ಎಲ್ಲಿ? ಬಹುತೇಕ ಹಾಲಿನಲ್ಲಿ, ಬಾಲ್ಕನಿಯ ಬಾಗಿಲಿಗೋ ದೊಡ್ಡ ಕಿಟಕಿಗೋ ಎದುರಾಗಿ. ಬೆಳಗ್ಗೆ ಎದ್ದ ಕೂಡಲೇ ಭಕ್ತಿಗೀತೆಯೋ ದಿನಭವಿಷ್ಯವೋ, ಮಧ್ಯಾಹ್ನ ಸುದ್ದಿ, ಸಂಜೆಯಿಂದ ಧಾರಾವಾಹಿ, ಋತು ಬಂದರೆ ಐಪಿಎಲ್. ಇಲ್ಲಿ ಲೆಕ್ಕ ಬೇರೆಯಾಗುತ್ತದೆ. ಒಎಲ್‌ಇಡಿ ಸಣ್ಣ ಜಾಗದಲ್ಲಿ ತುಂಬ ಪ್ರಖರವಾಗಿ ಬೆಳಗಬಲ್ಲದು, ಇಡೀ ಪರದೆ ಬೆಳ್ಳಗಾದಾಗ ಮಾತ್ರ ತನ್ನನ್ನು ತಾನೇ ತಗ್ಗಿಸಿಕೊಳ್ಳುತ್ತದೆ. 2025ರಲ್ಲಿ ಎಲ್‌ಜಿ ಡಿಸ್‌ಪ್ಲೇ ಬಿಡುಗಡೆ ಮಾಡಿದ ಹೊಸ ಪೀಳಿಗೆಯ ಪ್ಯಾನೆಲ್ಲನ್ನೇ ನೋಡಿ. ಕಂಪನಿ ಹೇಳುವ ಗರಿಷ್ಠ ಪ್ರಖರತೆ 4,000 ನಿಟ್ಸ್, ಆದರೆ ಪೂರ್ತಿ ಪರದೆಗೆ ಸಿಗುವುದು ಸುಮಾರು 400. ಹಗಲು ಪಂದ್ಯದಲ್ಲಿ ಬಿಸಿಲು ಬಿದ್ದ ಮೈದಾನ ಪರದೆ ತುಂಬ ಹರಡಿದಾಗ ಮಿನಿ ಎಲ್‌ಇಡಿ ಟೀವಿಯ ಕಳೆಯೇ ಬೇರೆ. ಸ್ಯಾಮ್‌ಸಂಗ್ ಮಾದರಿಯ ಕ್ವಾಂಟಮ್ ಡಾಟ್ ಒಎಲ್‌ಇಡಿಗೆ ಇನ್ನೊಂದು ತೊಡಕೂ ಇದೆ. ಕೋಣೆಯ ಬೆಳಕು ಬಿದ್ದಾಗ ಅದರ ಕಪ್ಪು ತುಸು ನೇರಳೆಗೆ ತಿರುಗುತ್ತದೆ. ಯಾವ ಕಪ್ಪಿಗಾಗಿ ಅಷ್ಟು ದುಡ್ಡು ಕೊಟ್ಟೆವೋ ಅದು ಹಗಲಿನಲ್ಲಿ ಸಿಗುವುದೇ ಇಲ್ಲ.

ಎಲ್ಲರೂ ಹೆದರುವ ಬರ್ನ್-ಇನ್ ವಿಚಾರಕ್ಕೆ ಬರೋಣ. ಇದು ಹೊಸ ಕಾಯಿಲೆಯಲ್ಲ. ಹಳೆಯ ಪಿಕ್ಚರ್ ಟ್ಯೂಬಿಗೂ ಇತ್ತು, ಪ್ಲಾಸ್ಮಾಕ್ಕೂ ಇತ್ತು. ತಾನೇ ಬೆಳಗುವ ಯಾವ ವಸ್ತುವೂ ಬೆಳಗಿದಷ್ಟೂ ಸವೆಯುತ್ತದೆ. ಒಎಲ್‌ಇಡಿಯ ಸಂಯುಕ್ತಗಳೂ ಹಾಗೆಯೇ, ಅದರಲ್ಲೂ ನೀಲಿ ಬೆಳಕು ಸೂಸುವವು ಬೇಗ ಸವೆಯುತ್ತವೆ. ಪರದೆಯ ಎಲ್ಲ ಭಾಗವೂ ಸಮನಾಗಿ ಸವೆದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಒಂದೇ ಜಾಗದಲ್ಲಿ ಒಂದೇ ಚಿತ್ರ ದಿನಗಟ್ಟಲೆ ನಿಂತರೆ ಅಲ್ಲಿ ಮಾತ್ರ ಸವೆದು ಅದರ ಅಚ್ಚು ಉಳಿಯುತ್ತದೆ. ಈಗ ಕನ್ನಡದ ಯಾವುದೇ ಸುದ್ದಿವಾಹಿನಿ ಹಾಕಿ ನೋಡಿ. ಮೂಲೆಯಲ್ಲಿ ಲಾಂಛನ, ಕೆಳಗೆ ಕೆಂಪು ಪಟ್ಟಿ, ಅದರ ಮೇಲೆ ದಪ್ಪಕ್ಷರದ ಇನ್ನೊಂದು ಪಟ್ಟಿ, ಒಮ್ಮೊಮ್ಮೆ ಪಕ್ಕದಲ್ಲೂ ಒಂದು. ಅಕ್ಷರ ಬದಲಾಗುತ್ತವೆ, ಪಟ್ಟಿ ಕದಲುವುದಿಲ್ಲ. ಒಎಲ್‌ಇಡಿಯನ್ನು ಬೇಗ ಸವೆಸುವುದು ಇಂಥ ಚಿತ್ರವೇ.

ಕೆನಡಾದ ರ್ಟಿಂಗ್ಸ್ ಎಂಬ ಪರೀಕ್ಷಾ ಸಂಸ್ಥೆ 2022ರ ಕೊನೆಯಲ್ಲಿ ನೂರು ಟೀವಿಗಳನ್ನು ಸಾಲಾಗಿಟ್ಟು, ದಿನದ ಬಹುಪಾಲು ಹೊತ್ತು ಸಿಎನ್‌ಎನ್ ಸುದ್ದಿವಾಹಿನಿಯನ್ನು ಓಡಿಸುತ್ತ ಸವೆತದ ಪರೀಕ್ಷೆ ಆರಂಭಿಸಿತು. ನಿರೀಕ್ಷಿಸಿದಂತೆಯೇ ಒಎಲ್‌ಇಡಿಗಳ ಮೇಲೆ ವಾಹಿನಿಯ ಲಾಂಛನ, ಪಟ್ಟಿಗಳ ಅಚ್ಚು ಕಾಣಿಸಿಕೊಂಡಿತು. ಆದರೆ ಅದೇ ಪರೀಕ್ಷೆ ಎಲ್‌ಸಿಡಿ ಪಕ್ಷದವರ ಬಾಯಿಯನ್ನೂ ಕಟ್ಟುವಂಥದ್ದು. ಪರದೆಯ ಅಂಚಿನಲ್ಲಿ ಮಾತ್ರ ದೀಪಗಳನ್ನಿಟ್ಟು ತಯಾರಿಸುವ ತೆಳು ಎಲ್‌ಸಿಡಿ ಟೀವಿಗಳು ತಮ್ಮದೇ ಬಿಸಿಗೆ ಸೋತವು. ಒಳಗಿನ ಹಾಳೆಗಳು ಸೊಟ್ಟಗಾದವು, ದೀಪಗಳು ಸುಟ್ಟವು, ಕೆಲವು ಟೀವಿಗಳು ಪೂರ್ತಿ ನಿಂತೇಹೋದವು. ಒಎಲ್‌ಇಡಿಗೆ ಕಲೆ ಬಿದ್ದರೂ ಚಿತ್ರ ಬರುತ್ತಿತ್ತು. ಎಲ್‌ಸಿಡಿ ಎಂದರೆ ಗಟ್ಟಿ ಎಂದು ಕಣ್ಣುಮುಚ್ಚಿ ನಂಬುವುದಕ್ಕೆ ಆಧಾರವಿಲ್ಲ. ಗಟ್ಟಿ ಇರುವುದು ಹಿಂಬದಿಯ ಪೂರ್ತಿ ಅಗಲಕ್ಕೆ ದೀಪ ಹರಡಿರುವ, ತುಸು ದಪ್ಪನೆಯ ಎಲ್‌ಸಿಡಿ. ತೆಳುವಾದಷ್ಟೂ ಒಳ್ಳೆಯದು ಎಂಬ ಆಸೆಯನ್ನು ಇಲ್ಲಿ ಬಿಡಬೇಕು.

ಒಎಲ್‌ಇಡಿಯ ಪರವಾಗಿ ಹೇಳಬೇಕಾದ ನ್ಯಾಯದ ಮಾತೂ ಇದೆ. ದಿನಕ್ಕೆ ಮೂರು ನಾಲ್ಕು ಗಂಟೆ, ಬಗೆಬಗೆಯ ಕಾರ್ಯಕ್ರಮ ನೋಡುವ ಮನೆಯಲ್ಲಿ ಬರ್ನ್-ಇನ್ ಅಷ್ಟು ಸುಲಭಕ್ಕೆ ಬರುವುದಿಲ್ಲ. ಟೀವಿ ತನ್ನ ಸವೆತವನ್ನು ತಾನೇ ಅಳೆದು ಸರಿದೂಗಿಸಿಕೊಳ್ಳುತ್ತದೆ. ಆದರೆ ಆ ಕೆಲಸವನ್ನು ಅದು ಮಾಡುವುದು ನಾವು ರಿಮೋಟಿನಿಂದ ಆಫ್ ಮಾಡಿದ ಮೇಲೆ, ಸ್ಟ್ಯಾಂಡ್‌ಬೈನಲ್ಲಿ. ರಾತ್ರಿ ಮಲಗುವ ಮುಂಚೆ ಗೋಡೆಯ ಸ್ವಿಚ್ಚನ್ನೇ ಆರಿಸುವುದು ನಮ್ಮ ಬಹುಪಾಲು ಮನೆಗಳ ಅಭ್ಯಾಸ. ಸಿಡಿಲಿಗೆ ಹೆದರಿ ಪ್ಲಗ್ಗನ್ನೇ ಕೀಳುವ ಮಲೆನಾಡು, ಕರಾವಳಿಯ ಮನೆಗಳನ್ನಂತೂ ಕೇಳುವುದೇ ಬೇಡ. ಮಿಂಚಿನ ಹೊತ್ತಿನಲ್ಲಿ ಹಾಗೆ ಮಾಡುವುದು ಸರಿಯೇ. ಉಳಿದ ದಿನಗಳಲ್ಲಾದರೂ ಒಎಲ್‌ಇಡಿಗೆ ಸ್ವಲ್ಪ ಹೊತ್ತು ಸ್ಟ್ಯಾಂಡ್‌ಬೈನಲ್ಲಿ ಉಸಿರಾಡಲು ಬಿಡಬೇಕು. ಮಾರುವವರು ಈ ಒಂದು ಮಾತನ್ನು ಗಿರಾಕಿಗೆ ಹೇಳಿ ಕಳಿಸಿದರೆ ಎಷ್ಟೋ ಪರದೆಗಳು ಉಳಿಯುತ್ತವೆ.

ರಿಪೇರಿಯ ಮಾತು ಬಂದರೆ ಎಲ್‌ಸಿಡಿಯ ಪಕ್ಷ ಗಟ್ಟಿಯಾಗುತ್ತದೆ. ಶಬ್ದ ಬರುತ್ತಿದೆ, ಚಿತ್ರ ಇಲ್ಲ, ಟಾರ್ಚ್ ಬಿಟ್ಟು ನೋಡಿದರೆ ಮಂಕಾಗಿ ಕಾಣುತ್ತದೆ ಎಂದರೆ ಬಹಳ ಸಲ ಹೋಗಿರುವುದು ಬ್ಯಾಕ್‌ಲೈಟ್. ತಾಲೂಕು ಕೇಂದ್ರದ ಟೀವಿ ಮೆಕ್ಯಾನಿಕ್ ಕೂಡ ಪರದೆ ಬಿಚ್ಚಿ ಎಲ್‌ಇಡಿ ಪಟ್ಟಿ ಬದಲಿಸಿ ಕೊಡುತ್ತಾರೆ. ಒಎಲ್‌ಇಡಿಯಲ್ಲಿ ಬೆಳಕೂ ಪ್ಯಾನೆಲ್ಲೂ ಒಂದೇ ಆದ್ದರಿಂದ ಬದಲಿಸಲು ಬಿಡಿಭಾಗವೇ ಇಲ್ಲ. ಪ್ಯಾನೆಲ್ ಹೋದರೆ ಹೊಸ ಟೀವಿಯ ಬೆಲೆಗೆ ಹತ್ತಿರದ ಖರ್ಚು. ಎಲ್‌ಸಿಡಿಯ ಪ್ಯಾನೆಲ್ ಒಡೆದರೂ ಅದೇ ಗತಿ ಎಂಬುದು ನಿಜ, ಆದರೆ ಅದು ಸುಮ್ಮಸುಮ್ಮನೆ ಒಡೆಯುವುದಿಲ್ಲ.

ಈಚಿನ ವರ್ಷಗಳಲ್ಲಿ ಈ ಜಗಳವನ್ನು ಹೆಚ್ಚುಕಡಿಮೆ ಸಮಬಲಕ್ಕೆ ತಂದದ್ದು ಮಿನಿ ಎಲ್‌ಇಡಿ. ಬ್ಯಾಕ್‌ಲೈಟಿನಲ್ಲಿ ಸಾವಿರಾರು ಪುಟಾಣಿ ದೀಪಗಳು, ಅವುಗಳನ್ನು ನೂರಾರು, ಕೆಲವು ಟೀವಿಗಳಲ್ಲಿ ಸಾವಿರಕ್ಕೂ ಹೆಚ್ಚು ವಲಯಗಳಾಗಿ ಹಂಚಿರುತ್ತಾರೆ. ಚಿತ್ರದಲ್ಲಿ ಕತ್ತಲಿರುವ ಕಡೆ ಆ ವಲಯದ ದೀಪಗಳನ್ನೇ ತಗ್ಗಿಸುತ್ತಾರೆ. ಕಪ್ಪು ಬಹಳ ಸುಧಾರಿಸುತ್ತದೆ. ಪೂರ್ತಿ ಅಲ್ಲ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್‌ಗಳಿವೆ. ಸಾವಿರ ವಲಯಗಳಿದ್ದರೆ ಒಂದು ವಲಯಕ್ಕೆ 8,300 ಪಿಕ್ಸೆಲ್. ಕಪ್ಪು ಆಕಾಶದಲ್ಲಿ ಒಂದು ನಕ್ಷತ್ರ ತೋರಿಸಲು ಅಷ್ಟು ಪಿಕ್ಸೆಲ್‌ಗಳ ಹಿಂದೆಯೂ ದೀಪ ಹೊತ್ತಬೇಕು. ಆದ್ದರಿಂದ ನಕ್ಷತ್ರದ ಸುತ್ತ, ಬಿಳಿ ಅಕ್ಷರದ ಸಬ್‌ಟೈಟಲ್ ಸುತ್ತ ಮಸುಕಾದ ಪ್ರಭೆ ಕಾಣುತ್ತದೆ. ನೇರ ಎದುರು ಕೂತವರಿಗೆ ಕಡಿಮೆ, ಓರೆಯಲ್ಲಿ ಕೂತವರಿಗೆ ಹೆಚ್ಚು. ಕೆಲವರಿಗೆ ಅದು ಕಾಣುವುದೇ ಇಲ್ಲ, ಒಮ್ಮೆ ಕಂಡವರಿಗೆ ಪದೇ ಪದೇ ಕಾಣುತ್ತದೆ. ಇಂಥ ಬ್ಯಾಕ್‌ಲೈಟಿಗೆ ಬೇಕಾದ ನೀಲಿ ಎಲ್‌ಇಡಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್, ಬಣ್ಣಗಳನ್ನು ಶುದ್ಧಗೊಳಿಸುವ ಕ್ವಾಂಟಮ್ ಡಾಟ್‌ಗಳಿಗೆ 2023ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದವು. ಎಲ್‌ಸಿಡಿ ಎಷ್ಟು ದೊಡ್ಡ ವಿಜ್ಞಾನವನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ ಎಂಬುದಕ್ಕೆ ಇಷ್ಟು ಸಾಕು.

ಕ್ರಿಕೆಟ್ ನೋಡುವವರು ಚಲನೆಯ ಬಗ್ಗೆ ಕೇಳುತ್ತಾರೆ. ಒಎಲ್‌ಇಡಿಯ ಪಿಕ್ಸೆಲ್ ಒಂದು ಮಿಲಿಸೆಕೆಂಡಿಗಿಂತ ಎಷ್ಟೋ ಕಡಿಮೆ ಹೊತ್ತಿನಲ್ಲಿ ಬದಲಾಗುತ್ತದೆ, ದ್ರವಸ್ಫಟಿಕಕ್ಕೆ ಹಲವು ಮಿಲಿಸೆಕೆಂಡ್ ಬೇಕು. ಬೌಂಡರಿಯತ್ತ ಓಡುವ ಚೆಂಡಿನ ಹಿಂದೆ ಎಲ್‌ಸಿಡಿಯಲ್ಲಿ ಬಾಲ ಕಂಡರೆ ಇದೇ ಕಾರಣ. ವಿಡಿಯೊ ಗೇಮ್ ಆಡುವ ಹುಡುಗರು ಒಎಲ್‌ಇಡಿಗೆ ಮನಸೋಲುವುದೂ ಇದಕ್ಕೇ. ಆದರೆ ಸೆಕೆಂಡಿಗೆ 24 ಚಿತ್ರಗಳಲ್ಲಿ ತೆಗೆದ ಸಿನಿಮಾದಲ್ಲಿ ಈ ವೇಗವೇ ಕೆಲವರಿಗೆ ಕಿರಿಕಿರಿ. ಕ್ಯಾಮೆರಾ ನಿಧಾನಕ್ಕೆ ಒಂದು ಬದಿಯಿಂದ ಇನ್ನೊಂದು ಬದಿಗೆ ತಿರುಗುವಾಗ ಒಎಲ್‌ಇಡಿಯಲ್ಲಿ ಚಿತ್ರ ತಡೆತಡೆದು ಸಾಗಿದಂತೆ ಕಾಣುತ್ತದೆ. ಎಲ್‌ಸಿಡಿಯ ನಿಧಾನ ಅದನ್ನು ಸ್ವಲ್ಪ ಮರೆಸುತ್ತದೆ.

ಒಳ್ಳೆಯ ಚಿತ್ರ ಕೊಡುವ ಪರದೆಯೇ ಗೆಲ್ಲುತ್ತದೆ ಎಂದು ನಂಬಿದವರಿಗೆ ಪ್ಲಾಸ್ಮಾದ ನೆನಪು ಇರಬೇಕು. 1964ರಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ ತಂತ್ರಜ್ಞಾನ ಅದು. ತನ್ನ ಕಾಲದ ಎಲ್‌ಸಿಡಿಗಿಂತ ಅದರ ಕಪ್ಪೂ ಚಲನೆಯೂ ಮೇಲು ಎಂಬುದರಲ್ಲಿ ತಿಳಿದವರಿಗೆ ಅನುಮಾನವಿರಲಿಲ್ಲ. ಆದರೆ ಅದು ಭಾರ, ವಿದ್ಯುತ್ ಹೆಚ್ಚು ಕುಡಿಯುತ್ತಿತ್ತು, ಝಗಮಗಿಸುವ ಅಂಗಡಿಯಲ್ಲಿ ಎಲ್‌ಸಿಡಿಯ ಪಕ್ಕ ಇಟ್ಟರೆ ಮಂಕಾಗಿ ಕಾಣುತ್ತಿತ್ತು. 2014ರ ಹೊತ್ತಿಗೆ ಪ್ಯಾನಸೋನಿಕ್, ಸ್ಯಾಮ್‌ಸಂಗ್, ಎಲ್‌ಜಿ ಮೂರೂ ಅದಕ್ಕೆ ವಿದಾಯ ಹೇಳಿದವು. ಒಎಲ್‌ಇಡಿ ಆ ದಾರಿ ಹಿಡಿಯದೆ ಉಳಿದಿದೆ, ಅದರ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೂ ಇದೆ. ಆದರೂ ಅಂಗಡಿಯ ಬೆಳಕಿನಲ್ಲಿ ಯಾವ ಪರದೆಯ ಯೋಗ್ಯತೆಯನ್ನೂ ಅಳೆಯಲಾಗದು ಎಂಬ ಪಾಠ ಹಾಗೆಯೇ ಉಳಿದಿದೆ.

ಇನ್ನೊಂದು ಸಂಗತಿಯನ್ನು ಎರಡೂ ಪಕ್ಷದವರು ಮರೆಯುತ್ತಾರೆ. ಕೇಬಲ್ಲಿನಲ್ಲಿ ಬರುವ ಸಾಮಾನ್ಯ ಎಸ್‌ಡಿ ವಾಹಿನಿಯ ಚಿತ್ರ ಹೆಚ್ಚೆಂದರೆ 720 ಅಡ್ಡ, 576 ಉದ್ದ. ಸುಮಾರು ನಾಲ್ಕು ಲಕ್ಷ ಪಿಕ್ಸೆಲ್. ಅದನ್ನು 83 ಲಕ್ಷದ ಪರದೆಗೆ ಹಿಗ್ಗಿಸಿದಾಗ ಪ್ರತಿ ಇಪ್ಪತ್ತರಲ್ಲಿ ಹತ್ತೊಂಬತ್ತು ಪಿಕ್ಸೆಲ್ ಟೀವಿಯೇ ಊಹಿಸಿ ತುಂಬಿದ್ದು. ಅಲ್ಲಿ ಪರದೆಯ ಕುಲಕ್ಕಿಂತ ಒಳಗಿನ ಪ್ರೊಸೆಸರ್ ಮುಖ್ಯ. 43 ಇಂಚಿನ ಟೀವಿಯನ್ನು ಎಂಟು ಅಡಿ ದೂರದಿಂದ ನೋಡುವವರಿಗೆ ಫುಲ್ ಎಚ್‌ಡಿಗೂ 4ಕೆಗೂ ಇರುವ ವ್ಯತ್ಯಾಸ ಕಣ್ಣಿನ ಮಿತಿಯಿಂದಲೇ ಗೊತ್ತಾಗುವುದು ಕಷ್ಟ. ಆರಡಿಗಿಂತ ಹತ್ತಿರ ಕೂತರೆ ಮಾತ್ರ ಅದು ಕಾಣಲು ಶುರುವಾಗುತ್ತದೆ. 8ಕೆ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯವೇ ಇಲ್ಲ. ಮೈಕ್ರೊ ಎಲ್‌ಇಡಿ ಎಂಬ ಇನ್ನೊಂದು ಬಗೆ ಎರಡೂ ಕುಲಗಳ ಒಳ್ಳೆಯ ಗುಣ ಹೊಂದಿದ್ದರೂ ಅದರ ಬೆಲೆ ಇನ್ನೂ ಮನೆಯವರ ಲೆಕ್ಕಕ್ಕೆ ಬರುವಂಥದ್ದಲ್ಲ.

ಕರೆಂಟಿನ ಖರ್ಚು ಈ ಆಯ್ಕೆಯನ್ನು ತೀರ್ಮಾನಿಸಬಾರದು. ನೂರು ವ್ಯಾಟಿನ ಟೀವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್ ಆಗುತ್ತದೆ. ಎರಡು ಕುಲಗಳ ನಡುವಿನ ವ್ಯತ್ಯಾಸ ಅದರಲ್ಲೊಂದು ಸಣ್ಣ ಪಾಲು. ಖರೀದಿಯ ಬೆಲೆ ಮಾತ್ರ ತೀರ್ಮಾನಿಸುತ್ತದೆ. 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಇದು ಎರಡಕ್ಕೂ ಅನುಕೂಲ. ಆದರೂ 55 ಇಂಚಿನ ಒಎಲ್‌ಇಡಿಗೆ ಕೊಡುವ ದುಡ್ಡಿನಲ್ಲಿ ಇನ್ನೂ ದೊಡ್ಡ ಮಿನಿ ಎಲ್‌ಇಡಿ ಬರುತ್ತದೆ, ಸಾಧಾರಣ ಎಲ್‌ಇಡಿಯಾದರೆ ಒಂದಕ್ಕಿಂತ ಹೆಚ್ಚು ಬರುತ್ತವೆ. ನಮ್ಮಲ್ಲಿ ಬಹಳ ಮನೆಗಳು ಕೊಳ್ಳುವ 32 ಇಂಚಿನಲ್ಲಿ ಒಎಲ್‌ಇಡಿ ಟೀವಿ ಅಂಗಡಿಯಲ್ಲಿ ಸಿಗುವುದೇ ಇಲ್ಲ. 42 ಇಂಚಿನಿಂದ ಮೇಲೆಯೇ ಅದರ ವ್ಯಾಪಾರ.

ನನ್ನ ತೀರ್ಪು ಹೀಗಿದೆ. ಬೆಳಕು ತಡೆಯಬಲ್ಲ ಕೋಣೆ ಇದ್ದು, ಮುಖ್ಯವಾಗಿ ರಾತ್ರಿ ಸಿನಿಮಾ ನೋಡುವ, ಸುದ್ದಿವಾಹಿನಿಯನ್ನು ಗಂಟೆಗಟ್ಟಲೆ ಹಾಕಿಡದ ಮನೆಗೆ ಒಎಲ್‌ಇಡಿಯೇ ಸರಿ. ಕೊಟ್ಟ ದುಡ್ಡಿಗೆ ಅದು ಮೋಸ ಮಾಡುವುದಿಲ್ಲ. ಬೆಳಗಿನಿಂದ ರಾತ್ರಿಯವರೆಗೆ ಮನೆಮಂದಿಗೆಲ್ಲ ಓಡುವ ಹಾಲಿನ ಟೀವಿಗೆ, ಸುದ್ದಿ ಹಾಕಿಡುವ ಹೋಟೆಲು ಅಂಗಡಿಗಳಿಗೆ ಒಎಲ್‌ಇಡಿ ಬೇಡವೇ ಬೇಡ. ಅಲ್ಲಿಗೆ ವಲಯಗಳಿರುವ ಮಿನಿ ಎಲ್‌ಇಡಿ ತಕ್ಕದ್ದು. ಅಷ್ಟು ಕೈಯಲ್ಲಿಲ್ಲದವರು ಹಿಂಬದಿಯ ಪೂರ್ತಿ ಅಗಲಕ್ಕೆ ದೀಪವಿರುವ ಸಾಧಾರಣ ಎಲ್‌ಇಡಿ ಟೀವಿ ತೆಗೆದುಕೊಂಡು, ಬ್ಯಾಕ್‌ಲೈಟಿನ ಪ್ರಮಾಣವನ್ನು ನೂರರಿಂದ ಅರವತ್ತಕ್ಕೋ ಎಪ್ಪತ್ತಕ್ಕೋ ಇಳಿಸಿ ಬಳಸಿದರೆ ಅದು ಹೆಚ್ಚು ಕಾಲ ಬಾಳುತ್ತದೆ. ಅಂಗಡಿಗೆ ಹೋಗುವಾಗ ಕತ್ತಲ ದೃಶ್ಯವಿರುವ ತುಣುಕೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಟೀವಿಯನ್ನು ‘ವಿವಿಡ್’ನಿಂದ ‘ಸಿನಿಮಾ’ಕ್ಕೆ ಬದಲಿಸಿ ತೋರಿಸಲು ಹೇಳಿ, ಎದುರಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನೋಡಿ. ಆಮೇಲೆ ದುಡ್ಡು ಕೊಡಿ.